ಯಾವ ನಟ್ಟಿಗೆ ಯಾವ ಸ್ಪ್ಯಾನರ್?



ಕಳೆದ ಸಂಚಿಕೆಯಲ್ಲಿ ಜೇನಿನ ಬಗ್ಗೆ ಓದಿದಿರಿ. ಈ ಸಲ ನಾನು ಕಬ್ಬಿಣದ ವಿಷಯ ಬರೆಯುತ್ತಿದ್ದೇನೆ. ಬೇಜಾರು ಅಂದುಕೊಳ್ಳಬೇಡಿ, ಇದು ನೀರಿನ ವಿಷಯವೂ ಹೌದು.

ನಮ್ಮ ಹೆಗ್ಗದ್ದೆ ಕಡೆ ಮಳೆಗಾಲದಲ್ಲಿ ನೀರಿಗೆ ಬರವಿಲ್ಲ. ನಮ್ಮ ಮನೆಗೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ತಾನಾಗಿಯೇ ಇಳಿದು ಬರುತ್ತದೆ, ಮೋಟಾರು ಬೇಡ. ಆದರೆ ಮಾರ್ಚ್ ಕಳೆಯುವಷ್ಟರಲ್ಲಿ ಒರತೆ ಬೆರಳು ಗಾತ್ರಕ್ಕೆ ಬರುತ್ತದೆ. ಆಗ ಬಚ್ಚಲಿನ ನಲ್ಲಿ ಸೋರುತ್ತಿತ್ತು. ಎಷ್ಟು ಸೋರುತ್ತದೆ ನೋಡೋಣ ಅಂತ ಒಂದು ಲೀಟರಿನ ಬಾಟಲಿ ಇಟ್ಟೆ. 40 ನಿಮಿಷಕ್ಕೆ ತುಂಬಿತು. ಒಂದು ದಿನಕ್ಕೆ 1440 ನಿಮಿಷ, ಅಂದರೆ 36 ಲೀಟರ್. ನಮ್ಮ ಅಜ್ಜಿ ಹಳ್ಳದಿಂದ ತರುವ ಕೊಡಕ್ಕೆ ಸುಮಾರು 12 ಲೀಟರ್ ಹಿಡಿಯುತ್ತದೆ. ಮೂರು ಕೊಡ ನೀರು ಸುಮ್ಮನೆ ಮೋರಿಗೆ! ಒಂದು ವಾಷರ್ ಹಾಕೋದಕ್ಕೆ ಸಕಲೇಶಪುರದಿಂದ ಯಾರೂ ಬರೋದಿಲ್ಲ. ಬಂದರೂ ಬಸ್ ಖರ್ಚು, ಕೂಲಿ ಸೇರಿ ವಾಷರಿನ ಹತ್ತಾರು ಪಟ್ಟು ಆಗುತ್ತದೆ. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾದ ಮೇಲೆ ಹಳ್ಳಿಗಳಲ್ಲಿ ನಲ್ಲಿಗಳ ಸಂಖ್ಯೆ ಹೆಚ್ಚಾಗಿದೆ. ನಲ್ಲಿ ಹೆಚ್ಚಿದ ಹಾಗೆ ರಿಪೇರಿಯೂ ಹೆಚ್ಚುತ್ತದೆ ತಾನೇ?

ನಮ್ಮ ದೊಡ್ಡಪ್ಪ ತೋಟದ ಪೈಪ್‌ಲೈನ್ ಕೆಲಸ ಮಾಡುತ್ತಾರೆ. ಕಾಫಿ ಹೂವಿಗೆ ನೀರು ಹೊಡೆಯುವ ಕಾಲದಲ್ಲಿ ಅವರ ಚೀಲ ಹೊರುವುದು ನನ್ನ ಕೆಲಸ. ಅವರಿಂದ ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಅಳತೆಯ ಗೊಂದಲ. ಸ್ಪ್ಯಾನರ್ ಮೇಲೆ 12-13, 16-17, 20-22 ಅಂತ ಬರೆದಿರುತ್ತದೆ. ಅದು ಸ್ಪ್ಯಾನರಿನ ಬಾಯಿಯ ಅಗಲ, ಮಿಲಿಮೀಟರಿನಲ್ಲಿ. ಅಂದರೆ ನಟ್ಟಿನ ಒಂದು ಚಪ್ಪಟೆ ಮುಖದಿಂದ ಎದುರಿನ ಮುಖಕ್ಕೆ ಇರುವ ದೂರ. ಪೈಪಿನ ಲೆಕ್ಕವೇ ಬೇರೆ. ‘ಅರ್ಧ ಇಂಚು’ ಜಿ.ಐ. ಪೈಪನ್ನು ಸ್ಕೇಲಿನಲ್ಲಿ ಅಳೆದು ನೋಡಿ, ಹೊರಗಿನ ಅಗಲ ಸುಮಾರು 21 ಮಿ.ಮೀ. ಬರುತ್ತದೆ. ಅರ್ಧ ಇಂಚು ಅಂದರೆ 12.7 ಮಿ.ಮೀ. ಅಲ್ಲವೇ? ಮುಕ್ಕಾಲು ಇಂಚಿನದು ಸುಮಾರು 27, ಒಂದು ಇಂಚಿನದು 33-34 ಮಿ.ಮೀ. ಅಂಗಡಿಯವರು ಮೋಸ ಮಾಡಿಲ್ಲ. ಹಿಂದಿನ ಕಾಲದಲ್ಲಿ ಪೈಪಿನ ಒಳತೂತಿನ ಅಳತೆಯಿಂದ ಹೆಸರಿಡುತ್ತಿದ್ದರು, ಕಬ್ಬಿಣ ದಪ್ಪ ಇತ್ತು. ಆಮೇಲೆ ಕಬ್ಬಿಣ ತೆಳುವಾಯಿತು. ಹಳೆಯ ಮರೆಗೆ ಹೊಸ ಪೈಪ್ ಕೂರಬೇಕಲ್ಲ, ಅದಕ್ಕೆ ಹೊರ ಅಳತೆಯನ್ನೂ ಹೆಸರನ್ನೂ ಹಾಗೇ ಉಳಿಸಿಕೊಂಡರು. ಆದ್ದರಿಂದ ಅಂಗಡಿಗೆ ಹೋಗಿ “ಅರ್ಧ ಇಂಚು ಪೈಪಿಗೆ ಅರ್ಧ ಇಂಚು ಸ್ಪ್ಯಾನರ್ ಕೊಡಿ” ಅಂದರೆ ಕೆಲಸಕ್ಕೆ ಬರೋದಿಲ್ಲ.

ಇನ್ನು ನಟ್ಟಿಗೂ ಪೈಪಿಗೂ ಇರುವ ವ್ಯತ್ಯಾಸ. ನಟ್ಟಿಗೆ ಆರು ಮೂಲೆ ಇದೆ, ಪೈಪು ಗುಂಡಗಿದೆ. ಮೂಲೆ ಇರುವುದನ್ನು ನಯವಾದ ಬಾಯಿಯ ಸ್ಪ್ಯಾನರ್ ಹಿಡಿಯುತ್ತದೆ. ಗುಂಡಗಿರುವುದನ್ನು ಹಿಡಿಯಲು ಹಲ್ಲು ಬೇಕು, ಅದೇ ಪೈಪ್ ರೆಂಚ್. ದೊಡ್ಡಪ್ಪ ಹೇಳೋದು: “ನೋಡು ಮಗ, ಪೈಪ್ ರೆಂಚು ಕಚ್ಚೋ ನಾಯಿ ಇದ್ದಂಗೆ. ಎಲ್ಲಾರ್ ಮನೆಗೂ ಬಿಡ್ಬಾರ್ದು.” ಹಿತ್ತಾಳೆ ನಲ್ಲಿ, ಹೊಳೆಯುವ ಸ್ಟೀಲ್ ಬಣ್ಣದ ನಲ್ಲಿಗಳಿಗೆ ಅದನ್ನು ಹಾಕಿದರೆ ಹಲ್ಲಿನ ಗುರುತು ಬೀಳುತ್ತದೆ, ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಯಾವ ಸ್ಪ್ಯಾನರೂ ಹಿಡಿಯುವುದಿಲ್ಲ. ಪಕ್ಕದ ಊರಿನ ಒಂದು ಮನೆಯಲ್ಲಿ ಹೀಗೆಯೇ ಆಗಿ, ವಾಷರ್ ಹಾಕಲು ಹೋದವರು ನಲ್ಲಿಯನ್ನೇ ಹೊಸದು ತಂದರು.

ನಲ್ಲಿಗೆ ಸರಿಯಾದದ್ದು ಸ್ಕ್ರೂ ಸ್ಪ್ಯಾನರ್, ಅಂದರೆ ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಬಹುದಾದ್ದು. ಸ್ವೀಡನ್ ದೇಶದ ಯೋಹಾನ್ ಪೆಟ್ಟರ್ ಯೋಹಾನ್ಸನ್ ಎಂಬುವರು 1892ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಎಂಟು ಇಂಚಿನದು ಸುಮಾರು 25 ಮಿ.ಮೀ. ತೆರೆಯುತ್ತದೆ, ಹತ್ತು ಇಂಚಿನದು ಸುಮಾರು 30. ಮನೆಗೆ ಹತ್ತು ಇಂಚಿನದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬಾಯಿಯನ್ನು ನಟ್ಟಿಗೆ ಒತ್ತಿ ಕೂರಿಸಿ, ತಿರುಪನ್ನು ಪೂರ್ತಿ ಬಿಗಿ ಮಾಡಿ, ಆಮೇಲೆ ತಿರುಗಿಸಬೇಕು. ಇದರ ಒಂದು ದವಡೆ ಗಟ್ಟಿ, ಇನ್ನೊಂದು ಜಾರುವ ದವಡೆ. ನಾವು ಎಳೆಯುವ ಭಾರ ಗಟ್ಟಿ ದವಡೆಯ ಮೇಲೆ ಬೀಳುವಂತೆ ಹಿಡಿಯಬೇಕು, ಅಂದರೆ ಜಾರುವ ದವಡೆ ಇರುವ ಕಡೆಗೆ ತಿರುಗಿಸಬೇಕು. ಉಲ್ಟಾ ಹಿಡಿದರೆ ದವಡೆ ಸಡಿಲವಾಗಿ ಜಾರುತ್ತದೆ, ಕೈ ಗೋಡೆಗೆ ಹೊಡೆಯುತ್ತದೆ. ಹೊಳೆಯುವ ನಲ್ಲಿಯಾದರೆ ನಡುವೆ ಒಂದು ಬಟ್ಟೆ ತುಂಡು ಇಡಿ.

ಪೈಪ್ ರೆಂಚನ್ನು ಅಮೆರಿಕದ ಡೇನಿಯಲ್ ಸ್ಟಿಲ್ಸನ್ ಎಂಬುವರು ಮಾಡಿದರು, 1869ರಲ್ಲಿ ಪೇಟೆಂಟ್ ಸಿಕ್ಕಿತು. ಇದರ ಮೇಲಿನ ದವಡೆ ಸ್ವಲ್ಪ ಅಲ್ಲಾಡುತ್ತದೆ. ಹಾಳಾಗಿದೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಆದರೆ ಗುಟ್ಟು ಇರುವುದೇ ಅಲ್ಲಿ. ಬಾಯಿ ತೆರೆದಿರುವ ಕಡೆಗೆ ಹಿಡಿಯನ್ನು ಎಳೆದಾಗ ಆ ದವಡೆ ವಾಲಿ ಪೈಪನ್ನು ಇನ್ನೂ ಬಿಗಿಯಾಗಿ ಕಚ್ಚುತ್ತದೆ. ಹಿಂದಕ್ಕೆ ತಂದಾಗ ತಾನಾಗಿ ಬಿಡುತ್ತದೆ. ಆದ್ದರಿಂದ ಇದು ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ, ಬಿಚ್ಚಲು ಮಗುಚಿ ಹಾಕಬೇಕು. ಪೈಪನ್ನು ಬಾಯಿಯ ತಳದವರೆಗೂ ತುರುಕಬಾರದು, ಒಂದಿಷ್ಟು ಸಂದು ಬಿಡಬೇಕು. ಇಲ್ಲದಿದ್ದರೆ ವಾಲಲು ಜಾಗ ಇರುವುದಿಲ್ಲ.

ಜಿ.ಐ. ಪೈಪಿಗೆ ಪೈಪ್ ರೆಂಚ್ ಎರಡು ಬೇಕೇ ಬೇಕು. ಒಂದು ಪೈಪನ್ನು ಅಲ್ಲಾಡದಂತೆ ಹಿಡಿಯುತ್ತದೆ, ಇನ್ನೊಂದು ಎಲ್ಬೋವನ್ನೋ ಸಾಕೆಟ್ಟನ್ನೋ ತಿರುಗಿಸುತ್ತದೆ. ಎರಡರ ಬಾಯಿಯೂ ಎದುರು ಬದುರು ದಿಕ್ಕಿಗೆ ಇರಬೇಕು. ಒಂದರಲ್ಲೇ ತಿರುಗಿಸಿದರೆ ನಮಗೆ ಕಾಣದ, ಗೋಡೆಯೊಳಗಿನ ಜಾಯಿಂಟ್ ಸಡಿಲವಾಗುತ್ತದೆ. ಆ ಸೋರಿಕೆ ಗೋಡೆ ಒದ್ದೆಯಾದ ಮೇಲೇ ಗೊತ್ತಾಗುವುದು. ಹಾಗೆಯೇ ಜಿ.ಐ. ಪೈಪಿನ ಮೇಲೆ ಬಣ್ಣದ ಪಟ್ಟಿ ನೋಡಿರಿ. ಹಳದಿ ಅಂದರೆ ತೆಳು, ನೀಲಿ ಮಧ್ಯಮ, ಕೆಂಪು ದಪ್ಪ. ಹಳದಿ ಪಟ್ಟಿಯ ಪೈಪಿಗೆ ದೊಡ್ಡ ರೆಂಚ್ ಹಾಕಿ ಜಗ್ಗಿದರೆ ಪೈಪೇ ಅಪ್ಪಚ್ಚಿ.

ಉದ್ದ ಎಷ್ಟಿರಬೇಕು? ವಿಜ್ಞಾನ ಪಾಠದ ಸನ್ನೆಯನ್ನು ನೆನಪಿಸಿಕೊಳ್ಳಿ. 20 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ 10 ಕಿಲೋ ಬಲ ಹಾಕಿದರೆ 10 × 20 = 200. ಅದೇ ಬಲವನ್ನು 35 ಸೆಂ.ಮೀ. ಹಿಡಿಗೆ ಹಾಕಿದರೆ 350. ನಮ್ಮಂಥ ಸಣ್ಣ ಕೈಯವರಿಗೂ ತುಕ್ಕು ಹಿಡಿದ ಜಾಯಿಂಟ್ ಬಿಡುತ್ತದೆ. “ಹೆಣ್ಮಕ್ಕಳ ಕೈಲಿ ಆಗಲ್ಲ” ಅನ್ನುವವರಿಗೆ ಈ ಲೆಕ್ಕ ತೋರಿಸಬಹುದು. ಆದರೆ ಹಿಡಿಗೆ ಕಬ್ಬಿಣದ ಪೈಪು ತೂರಿಸಿ ಇನ್ನೂ ಉದ್ದ ಮಾಡುವುದು ಬೇಡ, ದವಡೆ ಮುರಿದು ಮುಖಕ್ಕೆ ಹಾರಬಹುದು. ಅರ್ಧ, ಮುಕ್ಕಾಲು ಇಂಚಿಗೆ ಹತ್ತು ಇಂಚಿನ ರೆಂಚ್ ಸಾಕು. ಒಂದು ಇಂಚು, ಅದಕ್ಕೂ ಮೇಲಿನದಕ್ಕೆ ಹದಿನಾಲ್ಕು ಇಂಚಿನದು. ಮತ್ತೆ ಒಂದು ಮಾತು: ತಳ್ಳಬೇಡಿ, ಎಳೆಯಿರಿ. ತಳ್ಳುವಾಗ ಜಾರಿದರೆ ಬೆರಳಿನ ಗೆಣ್ಣು ಹೋಗುತ್ತದೆ.

ಪ್ಲಾಸ್ಟಿಕ್ ಪೈಪಿಗೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ತೋಟದಲ್ಲಿ ಆನೆ ತುಳಿದು ಕರಿ ಪೈಪಿನ ಜಾಯಿಂಟ್ ಬಿಚ್ಚಿಕೊಳ್ಳುವುದು ನಮ್ಮ ಕಡೆ ಹೊಸದಲ್ಲ. ಅದರ ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲೇ ತಿರುಗಿಸಬೇಕು. ಜಾರಿದರೆ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಹಿಡಿದರೆ ಹಿಡಿತ ಬರುತ್ತದೆ. ಪಿವಿಸಿಗೆ ಪೈಪ್ ರೆಂಚ್ ಹಾಕಿದರೆ ಸೀಳು ಬಿಡುತ್ತದೆ, ಆ ಸೀಳು ಕಣ್ಣಿಗೆ ಕಾಣುವುದೂ ಇಲ್ಲ.

ಈಗ ನಮ್ಮ ಬಚ್ಚಲ ನಲ್ಲಿಗೆ ಬರೋಣ. ಮೊದಲು ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿದೆವು. ನಲ್ಲಿಯನ್ನು ಅರ್ಧ ತೆರೆದು ಉಳಿದ ನೀರು ಹೋಗಲು ಬಿಟ್ಟೆವು. ಹೀಗೆ ತೆರೆದಿಟ್ಟರೆ ವಾಷರ್ ಒತ್ತಿಕೊಂಡಿರುವುದಿಲ್ಲ, ನಟ್ಟು ಸುಲಭವಾಗಿ ಬಿಡುತ್ತದೆ. ನಲ್ಲಿಯ ಹಿಡಿಯ ಕೆಳಗಿನ ಆರು ಮೂಲೆಯ ನಟ್ಟಿಗೆ ಸ್ಕ್ರೂ ಸ್ಪ್ಯಾನರ್ ಹಾಕಿ, ಎಡಗೈಯಲ್ಲಿ ನಲ್ಲಿಯ ಮೈಯನ್ನು ಒತ್ತಿ ಹಿಡಿದು, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿದೆ. ಒಳಗಿನ ವಾಷರ್ ಕರಕಲು ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಹೊಸದು ಹಾಕಿ, ಮೊದಲು ಕೈಯಿಂದ ಮರೆ ಕೂರಿಸಿ, ಕೊನೆಗೆ ಸ್ಪ್ಯಾನರಿನಿಂದ ಒಂದು ಸಣ್ಣ ತಿರುವು ಕೊಟ್ಟೆ. ಅಜ್ಜಿ ಬಾಟಲಿಯನ್ನು ಮತ್ತೆ ಅಲ್ಲೇ ಇಟ್ಟು ಬೆಳಿಗ್ಗೆವರೆಗೂ ಕಾದರು. ಒಂದು ಹನಿಯೂ ಇರಲಿಲ್ಲ.

ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಕಾಗಿಲ್ಲ. ಮೊದಲು ಸ್ಕ್ರೂ ಸ್ಪ್ಯಾನರ್ ಕೊಳ್ಳಿ. ಪೈಪ್ ರೆಂಚುಗಳನ್ನು ಎರಡು ಮೂರು ಮನೆಯವರು ಸೇರಿ ಕೊಂಡರೂ ನಡೆಯುತ್ತದೆ. ಡಬಲ್ ಎಂಡ್ ಸ್ಪ್ಯಾನರ್ ಸೆಟ್ ಮೋಟಾರು ಪಂಪ್ ಇರುವವರಿಗೆ ಬೇಕಾಗುತ್ತದೆ, ನಲ್ಲಿಗೆ ಅಷ್ಟಾಗಿ ಬೇಡ. ಅಂಗಡಿಯಲ್ಲಿ ಸ್ಕ್ರೂ ಸ್ಪ್ಯಾನರಿನ ದವಡೆಯನ್ನು ಅಲ್ಲಾಡಿಸಿ ನೋಡಿ, ತುಂಬಾ ಲಟಪಟ ಅಂದರೆ ಬೇಡ ಅನ್ನಿ. ನಮ್ಮ ಮಳೆಗೆ ಎಂಥಾ ಕಬ್ಬಿಣವೂ ತುಕ್ಕು ಹಿಡಿಯುತ್ತದೆ. ಒರೆಸಿ, ತಿರುಪಿಗೆ ಎರಡು ಹನಿ ಎಣ್ಣೆ ಬಿಟ್ಟು, ಒಲೆಯ ಮೇಲಿನ ಅಟ್ಟದಲ್ಲಿ ಇಡಿ. ದೊಡ್ಡಪ್ಪನ ಚೀಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲೇ ಇರುತ್ತದೆ.

(ಪೈಪ್ ರೆಂಚಿನ ಚಿತ್ರ ಪಕ್ಕದ ಹಾಳೆಯಲ್ಲಿದೆ. ಬಾಣದ ಗುರುತು ತಿರುಗಿಸುವ ದಿಕ್ಕು.)