ಕುಡುಕನನ್ನು ಕಂಡು ನಗುವದು

ಕುಡುಕನ ಕಥೆಯು ನಗುವನ್ನು ತರುವದು ಹೊಸ ಸಂಗತಿಯಲ್ಲ. ಜ್ಞಾನೋಕ್ತಿಗಳ 23ನೇ ಅಧ್ಯಾಯದ ಕೊನೆಯಲ್ಲಿಯೂ ಅಂಥವನ ಚಿತ್ರವುಂಟು. ಪೆಟ್ಟು ಬಿದ್ದದ್ದು ಅವನಿಗೆ ತಿಳಿಯದು, ಎಚ್ಚರವಾದ ಕೂಡಲೇ ತಿರಿಗಿ ಅದನ್ನೇ ಹುಡುಕುವನು. ಓದುವವನು ಮೊದಲು ನಕ್ಕು ಆ ಮೇಲೆ ನಾಚುವನು. 2009ರಲ್ಲಿ ಗುರುಪ್ರಸಾದರು ನಿರ್ದೇಶಿಸಿದ ‘ಎದ್ದೇಳು ಮಂಜುನಾಥ’ ಎಂಬ ಚಲಚ್ಚಿತ್ರವೂ ಇದೇ ಜಾತಿಯದು. ಅದರಲ್ಲಿ ಜಗ್ಗೇಶರು ಸೋಮಾರಿಯಾದ ಕುಡುಕನ ವೇಷದಲ್ಲಿ ಕಂಡಕಂಡವರಿಗೆ ಸುಳ್ಳು ಹೇಳಿ ಹಣ ಕೀಳುತ್ತಾರೆ. ತಿಕೋಟಾದ ಒಂದು ಮನೆಯಲ್ಲಿ ನಾವು ಇದನ್ನು ಟಿವಿಯಲ್ಲಿ ನೋಡಿದಾಗ ಮನೆಮಂದಿಯೆಲ್ಲಾ ಬಿದ್ದುಬಿದ್ದು ನಕ್ಕರು, ನಾವೂ ನಕ್ಕೆವು. ಆ ಮನೆಯ ಸೊಸೆ ಮಾತ್ರ ನಗಲಿಲ್ಲ. ಅವಳ ಗಂಡನು ಆ ಹೊತ್ತಿಗೆ ಇನ್ನೂ ಮನೆಗೆ ಬಂದಿದ್ದಿಲ್ಲ.

ಆ ಗಂಡನ ವಿಷಯವಾಗಿಯೇ ನಾವು ಬರೆಯಬೇಕಾಗಿದೆ. ಅವನು ದ್ರಾಕ್ಷಿ ತೋಟದ ಕೂಲಿ. ಹತ್ತು ವರುಷದಿಂದ ದಿನಾಲು ಕುಡಿಯುವವನು. ಒಂದು ಆದಿತ್ಯವಾರ ಸಭೆಯ ಮುಂದೆ ನಿಂತು, ಇನ್ನು ಮುಟ್ಟುವದಿಲ್ಲ ಎಂದು ಮಾತು ಕೊಟ್ಟನು. ನಾವು ಬಹಳ ಸಂತೋಷಪಟ್ಟು, ಅವನನ್ನು ಬಬಲೇಶ್ವರದ ಕಡೆಯಲ್ಲಿರುವ ಅಕ್ಕನ ಮನೆಗೆ ಕರೆದುಕೊಂಡು ಹೋಗಿ ಇರಿಸಿದೆವು; ಯಾಕಂದರೆ ಅಲ್ಲಿ ಅವನಿಗೆ ಗೆಳೆಯರು ಯಾರೂ ಇದ್ದಿಲ್ಲ. ಮರುದಿನ ಅವನ ಕೈಗಳು ನಡುಗಿದವು; ಮೈಯೆಲ್ಲಾ ಬೆವರಿತು. ಎರಡನೆಯ ದಿನ ಒಂದು ಸಾರಿ ಫಿಟ್ಸು ಬಂದಿತು. ಮೂರನೆಯ ರಾತ್ರಿ, ಗೋಡೆಯ ತುಂಬಾ ಇರುವೆಗಳು ಹರಿಯುತ್ತವೆ ಎಂದು ಕೂಗಿಕೊಂಡು ಬಾಗಿಲಿಗೆ ಓಡಿದನು. ಇರುವೆ ಒಂದೂ ಇದ್ದಿಲ್ಲ. ದೆವ್ವ ಹಿಡಿಯಿತೆಂದು ನೆರೆಯವರು ಹೇಳಿದರು. ನಮ್ಮ ಬುದ್ಧಿಯೂ ಅದಕ್ಕಿಂತ ಹೆಚ್ಚಿನದಾಗಿರಲಿಲ್ಲ. ಅವನನ್ನು ಹೊರಸಿಗೆ ಹಗ್ಗದಿಂದ ಕಟ್ಟಿಸಿ ಬೆಳಗಿನ ವರೆಗೆ ಪ್ರಾರ್ಥಿಸುತ್ತಾ ಕೂತೆವು. ಬೆಳಿಗ್ಗೆ ಬಂದ ನರ್ಸಮ್ಮನವರು ಒಂದೇ ನೋಟದಲ್ಲಿ ತಿಳಿದು, ಗಾಡಿ ತರಿಸಿ, ವಿಜಯಪುರದ ಆಸ್ಪತ್ರೆಗೆ ಸಾಗಿಸಿದರು. ಇನ್ನೊಂದು ರಾತ್ರಿ ಕಳೆದಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ ಎಂದು ವೈದ್ಯರು ನಮಗೆ ಹೇಳಿದರು.

ಇದರ ಕಾರಣವೇನಂದರೆ: ಮದ್ಯವು ಮಿದುಳನ್ನು ಮಂಕುಮಾಡುತ್ತದೆ. ದಿನಾಲು ಹೀಗಾಗುವದರಿಂದ ಮಿದುಳು ಎದುರಾಗಿ ಜಗ್ಗುವ ಅಭ್ಯಾಸ ಮಾಡಿಕೊಳ್ಳುತ್ತದೆ. ಹಗ್ಗದಾಟದಲ್ಲಿ ಒಂದು ಕಡೆಯವರು ಫಕ್ಕನೆ ಕೈಬಿಟ್ಟರೆ ಮತ್ತೊಂದು ಕಡೆಯವರು ಹೇಗೆ ಹಿಂದಕ್ಕೆ ಬೀಳುವರೋ, ಕುಡಿತವು ಫಕ್ಕನೆ ನಿಂತಾಗ ಮಿದುಳಿಗೂ ಹಾಗೆಯೇ ಆಗುವದು. ಕಡೆಯ ಗುಟುಕಾದ ಸುಮಾರು 6 ತಾಸಿನಿಂದ ನಡುಕ. 48 ತಾಸಿನೊಳಗೆ ಫಿಟ್ಸು. ಎರಡರಿಂದ ನಾಲ್ಕು ದಿನಗಳಲ್ಲಿ ಭ್ರಮೆ. ಎಲ್ಲರಿಗೂ ಹೀಗಾಗುವದಿಲ್ಲ, ಆದಾಗ್ಯೂ ಬಹುಕಾಲ ಹೆಚ್ಚಾಗಿ ಕುಡಿದವನು ಒಮ್ಮೆಲೇ ಬಿಡುವಾಗ ವೈದ್ಯರ ಕಣ್ಣಿನ ಕೆಳಗೆ ಬಿಡತಕ್ಕದ್ದು. ಅವರು ನರಗಳನ್ನು ಶಾಂತಪಡಿಸುವ ಔಷಧವನ್ನು ಕೊಟ್ಟು ದಿನದಿನಕ್ಕೆ ಇಳಿಸುತ್ತಾ, ಥಯಾಮಿನ್ ಎಂಬ ಬಿ1 ಜೀವಸತ್ವವನ್ನೂ ಕೊಡುತ್ತಾರೆ. 14446 ಸಂಖ್ಯೆಗೆ ಫೋನು ಮಾಡಿದರೆ ಹಣವಿಲ್ಲದೆ ಸಲಹೆ ದೊರೆಯುವದು.

1935ರಲ್ಲಿ ಅಮೆರಿಕಾ ದೇಶದ ಆಕ್ರನ್ ಪಟ್ಟಣದಲ್ಲಿ ಬಿಲ್ ವಿಲ್ಸನ್, ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಕೂಡಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘವನ್ನು ಹುಟ್ಟಿಸಿದರು. ಬಾಬ್ ಶಸ್ತ್ರವೈದ್ಯನು. ಬಿಟ್ಟೆನೆಂದು ಹೇಳಿದ ಮೇಲೆ ಒಂದು ಸಮ್ಮೇಳನಕ್ಕೆ ಹೋಗಿ ಮಿತಿಮೀರಿ ಕುಡಿದು ಬಂದನು. ಶಸ್ತ್ರಕ್ರಿಯೆಯ ದಿನ ಅವನ ಕೈ ನಡುಗಿದ್ದರಿಂದ ವಿಲ್ಸನನೇ ಅವನಿಗೆ ಒಂದು ಬಾಟಲಿ ಬಿಯರ್ ಕೊಟ್ಟು ಕಳುಹಿಸಬೇಕಾಯಿತು! ಅದೇ ಅವನ ಕಡೆಯ ಕುಡಿತವಾಯಿತು. ಆ ಜೂನ್ 10ನ್ನೇ ಸಂಘವು ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ.

ನಮ್ಮ ಸೀಮೆಯಲ್ಲಿಯೂ ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಳು ಬೇಡಲಿಲ್ಲ, ನಿಮ್ಮ ಚಟಗಳನ್ನು ಹಾಕಿರಿ ಎಂದು ಬೇಡಿದರು. ಇಳಕಲ್ಲು ಆಗ ವಿಜಯಪುರ ಜಿಲ್ಲೆಯಲ್ಲಿಯೇ ಇತ್ತು. ಸ್ವಾಮಿಗಳು 2018ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಅವರ ಮತ ಬೇರೆ, ನಮ್ಮ ಮತ ಬೇರೆ. ಆದರೂ ಕುಡುಕನ ಬಾಗಿಲಿಗೆ ತಾವೇ ಹೋಗಿ ಕೈಯೊಡ್ಡಿದ್ದನ್ನು ನಾವು ಕಲಿಯದೆ ಹೋದದ್ದು ನಮ್ಮ ಕೊರತೆಯೇ.

ನಮ್ಮ ಕೂಲಿಯವನು ಆ ಮೇಲೆ ಎರಡು ಸಾರಿ ಬಿದ್ದನು. ಎರಡನೆಯ ಸಾರಿ ಸಭೆಯ ಹಿರಿಯರೊಬ್ಬರು ಅವನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂದರು; ಆಕ್ರನ್ ವೈದ್ಯನ ಕಥೆಯನ್ನು ನಾವು ಮೊದಲು ಹೇಳಿದ್ದು ಅವರಿಗೇ. ಈಗ ಅವನು ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕೆಲಸಕ್ಕಿದ್ದಾನೆ. ಕೂಲಿಯು ಹೆಂಡತಿಯ ಕೈಗೆ ಹೋಗುತ್ತದೆ. ನಮ್ಮನ್ನು ದಾರಿಯಲ್ಲಿ ಕಂಡಾಗಲೆಲ್ಲಾ ದೂರದಿಂದಲೇ ಕೂಗುತ್ತಾನೆ: “ಉಪದೇಶಿ ಸಾಹೇಬ್ರ, ಹಗ್ಗಾ ತಂದೀರೇನ್ರಿ?” ಆಗ ಅವನ ಹೆಂಡತಿಯೂ ನಗುತ್ತಾಳೆ.