ಕಿವಿಗೆ ಯಂತ್ರ, ಮಾತಿಗೆ ಅಭ್ಯಾಸ

ಆರೋಗ್ಯ ಪ್ರಶ್ನೋತ್ತರ: ದೊಡ್ಡವರಿಗೆ ಕಾಕ್ಲಿಯರ್ ಇಂಪ್ಲಾಂಟ್

ಕಾಕ್ಲಿಯರ್ ಇಂಪ್ಲಾಂಟ್ ಎಂದರೆ ಹುಟ್ಟುಕಿವುಡು ಮಕ್ಕಳಿಗೆ ಮಾಡಿಸುವ ಆಪರೇಷನ್ ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ. ಆದರೆ ಅಮೆರಿಕದಲ್ಲಿ 1984ರಲ್ಲಿ ಈ ಸಾಧನಕ್ಕೆ ಮೊದಲು ಅನುಮತಿ ಸಿಕ್ಕಿದ್ದು ದೊಡ್ಡವರ ಬಳಕೆಗೆ. ಮಕ್ಕಳ ಸರದಿ ಬಂದದ್ದು ಆಮೇಲೆ. ಈ ಸಲ ದೊಡ್ಡವರ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ನಿವೃತ್ತ ಶಿಕ್ಷಕರು. ಹತ್ತು ವರ್ಷದಿಂದ ಎರಡೂ ಕಿವಿ ಮಂದವಾಗುತ್ತಾ ಬಂದಿವೆ. ದುಬಾರಿ ಹಿಯರಿಂಗ್ ಏಡ್ ಹಾಕಿಸಿದರೂ “ಸದ್ದು ಕೇಳುತ್ತೆ ಕಣೋ, ಮಾತು ತಿಳಿಯಲ್ಲ” ಅನ್ನುತ್ತಾರೆ. ಡಾಕ್ಟರು ಇಂಪ್ಲಾಂಟ್ ಮಾಡಿಸಿ ಎಂದಿದ್ದಾರೆ. ಈ ವಯಸ್ಸಿನಲ್ಲಿ ಬೇಕೇ? ಮೊದಲಿನಂತೆ ಕೇಳಿಸುತ್ತದೆಯೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ತಂದೆಯವರ ಆ ಒಂದು ಮಾತಿನಲ್ಲೇ ಅರ್ಧ ರೋಗನಿದಾನವಿದೆ. ಒಳಕಿವಿಯ ಕಾಕ್ಲಿಯಾ ಬಸವನಹುಳದ ಚಿಪ್ಪಿನಂತೆ ಸುರುಳಿ ಸುತ್ತಿದ ಪುಟ್ಟ ಕೊಳವೆ. ಸದ್ದಿನ ಕಂಪನವನ್ನು ನರಕ್ಕೆ ದಾಟಿಸುವ ಮುಖ್ಯ ರೋಮಕೋಶಗಳು ಅದರಲ್ಲಿ ಸುಮಾರು 3,500 ಇರುತ್ತವೆ. ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಿಯರಿಂಗ್ ಏಡ್ ಸದ್ದನ್ನು ಜೋರು ಮಾಡಿ ಉಳಿದ ಕೋಶಗಳಿಗೆ ತಲುಪಿಸುತ್ತದೆ. ತೆಗೆದುಕೊಳ್ಳುವ ಕೋಶಗಳೇ ಇಲ್ಲದಾಗ ಎಷ್ಟು ಜೋರು ಮಾಡಿದರೂ ಗದ್ದಲ ಹೆಚ್ಚುತ್ತದೆ ಹೊರತು ಅಕ್ಷರ ಬಿಡಿಬಿಡಿಯಾಗಿ ಕೇಳಿಸುವುದಿಲ್ಲ.

ಇಂಪ್ಲಾಂಟ್ ಈ ಸತ್ತ ಕೋಶಗಳನ್ನು ದಾಟಿ ಹೋಗುತ್ತದೆ. ಕಿವಿಯ ಹಿಂದೆ ಕೂರುವ ಪ್ರೊಸೆಸರ್ ಸದ್ದನ್ನು ಹಿಡಿದು ವಿಂಗಡಿಸುತ್ತದೆ. ಮ್ಯಾಗ್ನೆಟ್‌ನಿಂದ ತಲೆಗೆ ಅಂಟಿಕೊಂಡ ಬಿಲ್ಲೆಯೊಂದು ಅದನ್ನು ಚರ್ಮದ ಮೂಲಕ ಒಳಗಿನ ಭಾಗಕ್ಕೆ ಕಳಿಸುತ್ತದೆ. ಕಾಕ್ಲಿಯಾದೊಳಗೆ ತೂರಿಸಿದ ತೆಳುವಾದ ತಂತಿಯ ಎಲೆಕ್ಟ್ರೋಡ್‌ಗಳು ಶ್ರವಣ ನರವನ್ನು ನೇರವಾಗಿ ಪ್ರಚೋದಿಸುತ್ತವೆ.

ವಯಸ್ಸೊಂದೇ ಅಡ್ಡಿಯಲ್ಲ. ಅರಿವಳಿಕೆ ತಡೆಯುವ ಆರೋಗ್ಯವಿದ್ದರೆ 80 ದಾಟಿದವರಿಗೂ ಈ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ತಜ್ಞರು ಬಳಸುವ ಒಂದು ಸುಲಭ ಅಳತೆಗೋಲು ಹೇಳುತ್ತೇನೆ: ಎರಡರಲ್ಲಿ ಚೆನ್ನಾಗಿರುವ ಕಿವಿಯಲ್ಲೂ ಶ್ರವಣ ನಷ್ಟ 60 ಡೆಸಿಬಲ್ ಅಥವಾ ಹೆಚ್ಚಿದ್ದು, ಆ ಕಿವಿಗೆ ಹೇಳಿದ ಪದಗಳಲ್ಲಿ ಶೇ 60 ಅಥವಾ ಅದಕ್ಕೂ ಕಡಿಮೆ ಮಾತ್ರ ಗುರುತಿಸಲು ಆಗುತ್ತಿದ್ದರೆ, ಇಂಪ್ಲಾಂಟ್ ಕೇಂದ್ರದಲ್ಲಿ ತೋರಿಸಬೇಕು. ಆಪರೇಷನ್ ಆಗಲೇಬೇಕೆಂದು ಇದರ ಅರ್ಥವಲ್ಲ. ಹಿಯರಿಂಗ್ ಏಡ್ ಹಾಕಿಕೊಂಡು ಮಾಡುವ ಮಾತಿನ ಪರೀಕ್ಷೆ ಮತ್ತು ಸಿಟಿ, ಎಂಆರ್‌ಐ ಸ್ಕ್ಯಾನ್ ನೋಡಿದ ಮೇಲಷ್ಟೇ ತೀರ್ಮಾನ.

ಮೊದಲಿನಂತೆ ಕೇಳಿಸುತ್ತದೆಯೇ ಎಂದರೆ, ಇಲ್ಲ. ಆದರೆ ಮಾತು ಕಲಿತ ಮೇಲೆ ಕಿವಿ ಕಳೆದುಕೊಂಡ ನಿಮ್ಮ ತಂದೆಯಂಥ ಹೆಚ್ಚಿನವರು ಸದ್ದಿಲ್ಲದ ಕೋಣೆಯಲ್ಲಿ ಎದುರಿಗೆ ಕೂತವರ ಮಾತನ್ನು ಮೊದಲಿಗಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತಾರೆ. ಅನೇಕರು ಫೋನಿನಲ್ಲೂ ಮಾತಾಡುತ್ತಾರೆ. ತುಟಿ ನೋಡಿ ಮಾತು ಊಹಿಸುವ ದಣಿವು ತಗ್ಗುವುದೇ ದೊಡ್ಡ ಲಾಭ. ‘ಬಾಲೆ’, ‘ಮಾಲೆ’ ಎರಡಕ್ಕೂ ತುಟಿ ಮುಚ್ಚಿ ತೆರೆಯುವ ರೀತಿ ಒಂದೇ. ಕಣ್ಣಿಗೆ ಕಾಣದ ಆ ವ್ಯತ್ಯಾಸವನ್ನು ಕಿವಿಯೇ ಹೇಳಬೇಕು.

ಫಲ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಕಿವುಡು ಬಂದು ಎಷ್ಟು ವರ್ಷವಾಯಿತು, ಅಷ್ಟೂ ಕಾಲ ಹಿಯರಿಂಗ್ ಏಡ್ ಬಳಸಿದ್ದರೋ ಇಲ್ಲವೋ, ನರ ಹೇಗಿದೆ ಎಂಬುದರ ಮೇಲೆ ಅದು ನಿಂತಿದೆ. ನರಕ್ಕೆ ಕೆಲಸವಿಲ್ಲದೆ ಕಳೆದ ವರ್ಷಗಳು ಹೆಚ್ಚಿದಷ್ಟೂ ಗಳಿಕೆ ಕಡಿಮೆ. ಹಾಗಾಗಿ ‘ಇನ್ನೂ ಪೂರ್ತಿ ಹೋಗಲಿ, ಆಮೇಲೆ ನೋಡೋಣ’ ಎಂದು ಕಾಯುವುದು ತಪ್ಪು ಲೆಕ್ಕ.

ಪ್ರಶ್ನೆ: ನನಗೆ 45. ಇಂಪ್ಲಾಂಟ್ ಸ್ವಿಚ್ ಆನ್ ಆಗಿ ಮೂರು ವಾರವಾಯಿತು. ಮಗಳ ದನಿ, ಗಂಡನ ದನಿ ಎಲ್ಲವೂ ಒಂದೇ ಥರ, ಕಾರ್ಟೂನಿನವರು ಮಾತಾಡಿದ ಹಾಗಿದೆ. ಕುಕ್ಕರ್ ಕೂಗಿದರೆ ತಲೆ ಸಿಡಿಯುತ್ತದೆ. ಇಷ್ಟು ಖರ್ಚು ಮಾಡಿ ಕೆಟ್ಟೆವೇನೋ ಅನ್ನಿಸುತ್ತಿದೆ.
– ಗೃಹಿಣಿ, ಶಿವಮೊಗ್ಗ

ಉತ್ತರ: ಕೆಟ್ಟಿಲ್ಲ. ಮೂರನೇ ವಾರದಲ್ಲಿ ಹೀಗೆ ಕೇಳಿಸುವುದು ಸಾಮಾನ್ಯ. 3,500 ಕೋಶಗಳು ಮಾಡುತ್ತಿದ್ದ ಕೆಲಸವನ್ನು ಈಗ 12ರಿಂದ 22 ಎಲೆಕ್ಟ್ರೋಡ್‌ಗಳು ಮಾಡಬೇಕಿದೆ. ಜೊತೆಗೆ ತಂತಿಯು ಕಾಕ್ಲಿಯಾ ಸುರುಳಿಯ ತುದಿಯವರೆಗೆ, ಅಂದರೆ ಕೆಳದನಿಯ ಜಾಗದವರೆಗೆ, ಸಾಮಾನ್ಯವಾಗಿ ಹೋಗುವುದಿಲ್ಲ. ಕೆಳದನಿಯ ಸದ್ದುಗಳೂ ಮೇಲುದನಿಯ ಜಾಗದಲ್ಲೇ ಬಂದು ತಟ್ಟುವುದರಿಂದ ಗಂಡಸಿನ ದನಿಯೂ ಕೀರಲಾಗುತ್ತದೆ. ಮೆದುಳು ಈ ಹೊಸ ಸಂಕೇತಕ್ಕೆ ಒಗ್ಗಿಕೊಳ್ಳಬೇಕು. ಹೆಚ್ಚಿನ ಸುಧಾರಣೆ ಮೊದಲ ಮೂರರಿಂದ ಆರು ತಿಂಗಳಲ್ಲಿ ಕಾಣುತ್ತದೆ, ವರ್ಷದವರೆಗೂ ಮುಂದುವರಿಯುತ್ತದೆ.

ನೀವು ಮಾಡಬೇಕಾದ ಕೆಲಸ ಎರಡು. ಮೊದಲನೆಯದು, ಮ್ಯಾಪಿಂಗ್‌ಗೆ ತಪ್ಪದೆ ಹೋಗುವುದು. ಒಂದೊಂದು ಎಲೆಕ್ಟ್ರೋಡ್‌ಗೂ ಎಷ್ಟು ವಿದ್ಯುತ್ ಕೊಟ್ಟರೆ ಸದ್ದು ಆಗಷ್ಟೇ ಕೇಳಿಸುತ್ತದೆ, ಎಷ್ಟರವರೆಗೆ ಹಿತವಾಗಿರುತ್ತದೆ ಎಂದು ಆಡಿಯಾಲಜಿಸ್ಟ್ ಕಂಪ್ಯೂಟರಿನಲ್ಲಿ ಹೊಂದಿಸುತ್ತಾರೆ. ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಎದ್ದು ಬರಬೇಡಿ. ಕುಕ್ಕರ್ ಸದ್ದು ಚುಚ್ಚುತ್ತದೆ, ‘ಸ’ ಕೇಳಿಸುವುದಿಲ್ಲ ಎಂದು ಬರೆದುಕೊಂಡು ಹೋಗಿ ಹೇಳಿ.

ಎರಡನೆಯದು, ಎದ್ದಾಗಿನಿಂದ ಮಲಗುವವರೆಗೆ ಪ್ರೊಸೆಸರ್ ಹಾಕಿಕೊಂಡೇ ಇರುವುದು ಮತ್ತು ದಿನವೂ ಅಭ್ಯಾಸ. ಮಗಳನ್ನು ಇಂಪ್ಲಾಂಟ್ ಇರುವ ಕಡೆ, ಅವಳ ತುಟಿ ನಿಮಗೆ ಕಾಣದಂತೆ ಕೂರಿಸಿಕೊಳ್ಳಿ. ಅವಳು ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಲಿ, ನೀವು ತಿರುಗಿ ಹೇಳಿ. ಅದು ಸಲೀಸಾದ ಮೇಲೆ ತರಕಾರಿ ಹೆಸರುಗಳು. ಆಮೇಲೆ ಒಂದೇ ಅಕ್ಷರ ಬದಲಾಗುವ ‘ಕಾಲು, ಹಾಲು, ಸಾಲು’. ಆಮೇಲೆ ದಿನಪತ್ರಿಕೆಯ ಒಂದು ಸುದ್ದಿ: ಅವಳು ನಿಧಾನವಾಗಿ ಓದುವಾಗ ನೀವು ಇನ್ನೊಂದು ಪ್ರತಿಯ ಸಾಲುಗಳ ಮೇಲೆ ಬೆರಳಾಡಿಸುತ್ತಾ ಕೇಳಿಸಿಕೊಳ್ಳಿ, ಅವಳು ನಡುವೆ ನಿಲ್ಲಿಸಿದಾಗ ಬೆರಳು ಅದೇ ಪದದ ಮೇಲಿದೆಯೇ ನೋಡಿ. ಫೋನ್ ಕೊನೆಯ ಮೆಟ್ಟಿಲು.

ಪ್ರಶ್ನೆ: ನಾನು ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದವನು. ಇಂಪ್ಲಾಂಟ್ ನಂತರ ಮಾತು ಚೆನ್ನಾಗಿ ತಿಳಿಯುತ್ತದೆ. ಆದರೆ ಹಾಡು ಹಾಡಾಗಿ ಕೇಳುವುದಿಲ್ಲ. ಉಪಾಯವಿದೆಯೇ?
– ಓದುಗರು, ಉಡುಪಿ

ಉತ್ತರ: ಇಂದಿನ ಸಾಧನಗಳನ್ನು ರೂಪಿಸಿರುವುದು ಮುಖ್ಯವಾಗಿ ಮಾತಿಗೆ. ಸದ್ದಿನ ಏರಿಳಿತದ ಒಟ್ಟು ಆಕಾರವನ್ನು ಅವು ಚೆನ್ನಾಗಿ ದಾಟಿಸುತ್ತವೆ. ಸ್ವರಸ್ವರದ ನಡುವಿನ ಸೂಕ್ಷ್ಮ ಅಂತರವನ್ನು ದಾಟಿಸುವಲ್ಲಿ ಸೋಲುತ್ತವೆ. ಅದರಿಂದಲೇ ತಾಳ ಸಿಗುತ್ತದೆ, ರಾಗ ಸಿಗುವುದಿಲ್ಲ. ಮೊದಲೇ ಬಾಯಿಪಾಠವಿರುವ ಹಾಡಿನಿಂದ ಶುರುಮಾಡಿ: ಒಂದೇ ದನಿ, ಹಿನ್ನೆಲೆಯಲ್ಲಿ ಒಂದೋ ಎರಡೋ ವಾದ್ಯ. ಹಾಡಿನ ಸಾಲು ಕಣ್ಣೆದುರಿಗಿರಲಿ. ಇನ್ನೊಂದು ಕಿವಿಯಲ್ಲಿ ಕೆಳದನಿಯ ಶ್ರವಣ ಸ್ವಲ್ಪ ಉಳಿದಿದ್ದರೆ ಅದಕ್ಕೆ ಹಿಯರಿಂಗ್ ಏಡ್ ಬಿಡಬೇಡಿ. ಎರಡೂ ಸೇರಿದಾಗ ಸ್ವರದ ತಿಳಿವು ಅನೇಕರಿಗೆ ಉತ್ತಮಗೊಳ್ಳುತ್ತದೆ. ಹಳೆಯ ಸುಖ ಪೂರ್ತಿ ಮರಳುತ್ತದೆಂದು ನಾನು ಹೇಳಲಾರೆ.

ಪ್ರಶ್ನೆ: ನನ್ನ ಹೆಂಡತಿಗೆ ಇಂಪ್ಲಾಂಟ್ ಆಗಿ ಒಂದೂವರೆ ವರ್ಷ. ಪರೀಕ್ಷೆಯಲ್ಲಿ ಪ್ರತಿ ಸಲ ಒಳ್ಳೆಯ ಅಂಕ ಬರುತ್ತದೆ. ಆದರೂ ಮದುವೆ, ಗೃಹಪ್ರವೇಶಕ್ಕೆ ಕರೆದರೆ ಬರುವುದಿಲ್ಲ. ಹಾಗಾದರೆ ಏನು ಪ್ರಯೋಜನವಾಯಿತು?
– ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ಪರೀಕ್ಷಾ ಕೋಣೆಯ ಅಂಕ ಮತ್ತು ಬದುಕಿನ ಗುಣಮಟ್ಟ ಜೊತೆಜೊತೆಯಾಗಿ ನಡೆಯುವುದಿಲ್ಲ ಎಂಬುದನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಅದಕ್ಕೆಂದೇ ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿ ಒಂದು ಪ್ರಶ್ನಾವಳಿ ರೂಪುಗೊಂಡಿತು. ಹಲವು ದೇಶಗಳಲ್ಲಿ ಅದು ಬಳಕೆಯಲ್ಲಿದೆ. ಸದ್ದು, ಮಾತು ಕೇಳಿಸುತ್ತದೆಯೇ ಎಂದು ಕೇಳುವುದರ ಜೊತೆಗೆ ಸ್ವಂತ ಮಾತು ಹಿಡಿತದಲ್ಲಿದೆಯೇ, ಆತ್ಮವಿಶ್ವಾಸ ಹೇಗಿದೆ, ಹೊರಗಿನ ಓಡಾಟ ಹೇಗಿದೆ, ಜನರ ಜೊತೆ ಬೆರೆಯುತ್ತೀರಾ ಎಂದೂ ಅದು ಕೇಳುತ್ತದೆ. ಇಂಪ್ಲಾಂಟ್ ಪಡೆದವರಲ್ಲಿ ಒಟ್ಟಾರೆ ಈ ಎಲ್ಲದರಲ್ಲೂ ಸುಧಾರಣೆ ಕಂಡಿದೆ. ಆದರೆ ಅಂಕ ಹೆಚ್ಚಿದವರ ಬದುಕೇ ಹೆಚ್ಚು ಸುಧಾರಿಸಿತು ಎಂದೇನೂ ಇಲ್ಲ.

ಕಲ್ಯಾಣ ಮಂಟಪವನ್ನೇ ನೋಡಿ. ಎತ್ತರದ ಸೂರು, ಹೊಳೆಯುವ ನೆಲ, ಒಂದು ಕಡೆ ವಾಲಗ, ಊಟದ ಸಾಲಿನಲ್ಲಿ ನೂರು ಜನರ ಮಾತು. ಇಂಪ್ಲಾಂಟ್‌ಗೆ ಇದಕ್ಕಿಂತ ಕಷ್ಟದ ಜಾಗವಿಲ್ಲ. ಗದ್ದಲದ ನಡುವೆ ಒಂದು ದನಿಯನ್ನು ಬೇರ್ಪಡಿಸುವುದು ಅದರ ದೊಡ್ಡ ಕೊರತೆ. ಜೊತೆಗೆ ವರ್ಷಗಟ್ಟಲೆ ‘ಏನು? ಏನು?’ ಎಂದು ಕೇಳಿ ಮುಜುಗರಪಟ್ಟ ಅಭ್ಯಾಸ ಆಪರೇಷನ್ನಿನಿಂದ ಹೋಗುವುದಿಲ್ಲ.

ಅವರನ್ನು ಮುಹೂರ್ತಕ್ಕೆ ಎಳೆದೊಯ್ಯುವ ಬದಲು ಹಿಂದಿನ ಸಂಜೆ ನಾಲ್ಕೇ ಜನರಿರುವಾಗ ಹೋಗಿ ಬನ್ನಿ. ಗೋಡೆಗೆ ಬೆನ್ನು ಮಾಡಿ ಕೂರಲಿ, ಮಾತಾಡುವವರ ಮುಖದ ಮೇಲೆ ಬೆಳಕಿರಲಿ. ಪ್ರೊಸೆಸರ್‌ಗೆ ಜೋಡಿಸುವ ಪುಟ್ಟ ರಿಮೋಟ್ ಮೈಕ್ ಸಿಗುತ್ತದೆಯೇ ವಿಚಾರಿಸಿ. ಎದುರಿನವರು ಅದನ್ನು ಸಿಕ್ಕಿಸಿಕೊಂಡರೆ ಅವರ ಮಾತು ನೇರವಾಗಿ ಬರುತ್ತದೆ. ಮನೆಯಲ್ಲಿ ‘ಏನೂ ಇಲ್ಲ ಬಿಡು, ಆಮೇಲೆ ಹೇಳ್ತೀನಿ’ ಎನ್ನುವುದನ್ನು ಎಲ್ಲರೂ ನಿಲ್ಲಿಸಿ. ನಗುವಿನ ಮಾತಿನಿಂದ ಅವರನ್ನು ಹೊರಗಿಡುವುದು ಆ ಒಂದು ವಾಕ್ಯ.

ಪ್ರಶ್ನೆ: ನಾನು ಹುಟ್ಟಿನಿಂದ ಕಿವುಡ, ವಯಸ್ಸು 28. ನನ್ನ ಹೆಂಡತಿಯೂ ಕಿವುಡಿ. ಇಬ್ಬರೂ ಸನ್ನೆ ಭಾಷೆಯಲ್ಲಿ ಮಾತಾಡುತ್ತೇವೆ, ಕೆಲಸದಲ್ಲಿದ್ದೇವೆ. ಇಂಪ್ಲಾಂಟ್ ಮಾಡಿಸಿಕೋ ಎಂದು ಅಪ್ಪ ಅಮ್ಮ ಒತ್ತಾಯಿಸುತ್ತಿದ್ದಾರೆ.
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಎಳವೆಯಲ್ಲಿ ಸದ್ದೇ ಕಾಣದ ಮೆದುಳು ಶ್ರವಣದ ಜಾಗವನ್ನು ಬೇರೆ ಕೆಲಸಗಳಿಗೂ ಬಳಸಿಕೊಂಡಿರುತ್ತದೆ. ಆದ್ದರಿಂದ ಹುಟ್ಟಿನಿಂದ ಕಿವುಡಾಗಿದ್ದು, ಹಿಯರಿಂಗ್ ಏಡಿನಿಂದ ಮಾತು ಕಲಿಯದೆ ಬೆಳೆದವರು ದೊಡ್ಡವರಾದ ಮೇಲೆ ಇಂಪ್ಲಾಂಟ್ ಮಾಡಿಸಿಕೊಂಡರೆ, ತುಟಿ ನೋಡದೆ ಮಾತು ಅರಿಯುವ ಮಟ್ಟ ಸಾಮಾನ್ಯವಾಗಿ ತಲುಪುವುದಿಲ್ಲ. ಹಾರ್ನ್, ಬಾಗಿಲ ಬೆಲ್, ಮಗುವಿನ ಅಳು ಗೊತ್ತಾಗಬಹುದು. ಅಷ್ಟೇ ಸಾಕೆಂದು ಖುಷಿಪಡುವವರೂ ಇದ್ದಾರೆ, ಬಳಕೆ ಬಿಟ್ಟವರೂ ಇದ್ದಾರೆ. ಚಿಕ್ಕಂದಿನಿಂದ ಹಿಯರಿಂಗ್ ಏಡ್ ಹಾಕಿ ಮಾತು ರೂಢಿಸಿಕೊಂಡವರ ಕತೆ ಬೇರೆ. ಅವರಿಗೆ ಹೆಚ್ಚು ಫಲ ಸಿಗಬಹುದು.

ಸನ್ನೆ ಭಾಷೆಯಲ್ಲಿ ನಿಮ್ಮ ಸಂಸಾರ, ಕೆಲಸ ಸಲೀಸಾಗಿ ನಡೆಯುತ್ತಿದ್ದರೆ ಅದು ಕೊರತೆಯ ಬದುಕಲ್ಲ. ತೀರ್ಮಾನ ನಿಮ್ಮದೇ ಆಗಿರಲಿ. ಅಪ್ಪ ಅಮ್ಮನಿಗೆ ನನ್ನದೊಂದು ಮಾತು: ಮಗನ ಜೊತೆ ಮಾತಾಡುವ ಆಸೆಯಿದ್ದರೆ ಅವನ ಸನ್ನೆ ಭಾಷೆಯನ್ನು ನೀವು ಇವತ್ತೇ ಕಲಿಯಲು ತೊಡಗಬಹುದು.

ಪ್ರಶ್ನೆ: ಖರ್ಚೆಷ್ಟು, ಅಪಾಯವೇನು? ಆಮೇಲೆ ಎಂಆರ್‌ಐ ಮಾಡಿಸುವಂತಿಲ್ಲ ಎನ್ನುತ್ತಾರೆ, ನಿಜವೇ?
– ಓದುಗರು, ಕಲಬುರಗಿ

ಉತ್ತರ: ಸಾಧನದ ಮಾದರಿಯ ಮೇಲೆ ಒಂದು ಕಿವಿಗೆ ಹಲವು ಲಕ್ಷ ರೂಪಾಯಿ ಆಗುತ್ತದೆ. ಕೇಂದ್ರದ ಎಡಿಪ್ ಯೋಜನೆಯಲ್ಲಿ ಇಂಪ್ಲಾಂಟ್‌ಗೆ ಸಿಗುವ ನೆರವಾಗಲಿ ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯಾಗಲಿ ಮಕ್ಕಳಿಗಾಗಿ ರೂಪಿಸಿದವು. ದೊಡ್ಡವರು ಬಹುಪಾಲು ಕೈಯಿಂದಲೇ ಕೊಡಬೇಕು. ವಿಮೆ, ಉದ್ಯೋಗದಾತರ ನೆರವು, ಸರ್ಕಾರಿ ನೌಕರರಿಗಿರುವ ಸೌಲಭ್ಯಗಳನ್ನು ಮೊದಲೇ ವಿಚಾರಿಸಿ. ಬ್ಯಾಟರಿ, ಕೇಬಲ್, ಕೆಲವು ವರ್ಷಗಳ ನಂತರ ಹೊಸ ಪ್ರೊಸೆಸರ್ ಇವೆಲ್ಲ ಲೆಕ್ಕದಲ್ಲಿರಲಿ.

ಆಪರೇಷನ್ ಎರಡು-ಮೂರು ಗಂಟೆಯದು. ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಕೆಲದಿನ ತಲೆಸುತ್ತು, ನಾಲಿಗೆಯ ರುಚಿಯಲ್ಲಿ ವ್ಯತ್ಯಾಸ ಆಗಬಹುದು. ಮುಖದ ನರಕ್ಕೆ ಪೆಟ್ಟು ಅಪರೂಪ. ಆ ಕಿವಿಯಲ್ಲಿ ಉಳಿದ ಶ್ರವಣ ಹೋಗಬಹುದು. ಮೆದುಳು ಪೊರೆಯ ಸೋಂಕಿನ ಅಪಾಯ ತುಸು ಹೆಚ್ಚುವುದರಿಂದ ನ್ಯುಮೋಕಾಕಸ್ ಲಸಿಕೆ ಹಾಕಿಸಿಕೊಳ್ಳಬೇಕು. ಕಿವಿಯೊಳಗಿನ ಗುಂಯ್ ಸದ್ದು ಅನೇಕರಿಗೆ ಕಡಿಮೆಯಾಗುತ್ತದೆ.

ಎಂಆರ್‌ಐ ಮಾಡಿಸಬಹುದು, ಆದರೆ ಮಾದರಿಗೆ ತಕ್ಕ ಕಟ್ಟುಪಾಡುಗಳಿವೆ. ಇಂಪ್ಲಾಂಟ್ ಗುರುತಿನ ಚೀಟಿ ಸದಾ ಜೇಬಿನಲ್ಲಿರಲಿ. ಮುಂದೆ ಯಾವುದೇ ಆಪರೇಷನ್ ಆಗುವಾಗ ಸರ್ಜನ್‌ಗೆ ತೋರಿಸಿ. ಕರೆಂಟಿನಿಂದ ಸುಡುವ ಕೆಲವು ಉಪಕರಣಗಳನ್ನು ಬಳಸುವಂತಿಲ್ಲ.

ಕೊನೆಗೆ ಎಲ್ಲ ಓದುಗರಿಗೂ: ಹಿಯರಿಂಗ್ ಏಡ್ ಹಾಕಿಯೂ ಮಾತು ತಿಳಿಯದವರು ಮನೆಯಲ್ಲಿದ್ದರೆ ‘ವಯಸ್ಸಾಯ್ತು’ ಎಂದು ಸುಮ್ಮನಾಗಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಹತ್ತಿರದ ವೈದ್ಯಕೀಯ ಕಾಲೇಜಿನ ಇಎನ್‌ಟಿ ವಿಭಾಗದಲ್ಲೋ ಪರೀಕ್ಷೆ ಮಾಡಿಸಿ. ಆಪರೇಷನ್ನಿಗೆ ಒಪ್ಪುವ ಮೊದಲು ಈಗಾಗಲೇ ಇಂಪ್ಲಾಂಟ್ ಬಳಸುತ್ತಿರುವ ಇಬ್ಬರನ್ನಾದರೂ ಭೇಟಿ ಮಾಡಿಸಿ ಎಂದು ವೈದ್ಯರನ್ನು ಕೇಳಿ. ಮುಂದಿನ ಒಂದು ವರ್ಷ ದಿನವೂ ಜೊತೆಯಲ್ಲಿ ಕೂತು ಅಭ್ಯಾಸ ಮಾಡಿಸುವವರು ಮನೆಯಲ್ಲಿ ಯಾರು ಎಂಬುದನ್ನು ನಿರ್ಧರಿಸಿಕೊಂಡೇ ದಿನ ಗೊತ್ತುಮಾಡಿ.