ಸಿಸೇರಿಯನ್ ಹೆರಿಗೆಯ ಅನಂತರ ರಕ್ತಹೀನತೆ

ಕಾರವಾರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಗಿ ಚೆಂಡಿಯಾದ ಮನೆಗೆ ಮರಳಿದ ತಾಯಿಯ ಗಾಯವು ಬೇಗನೆ ಮಾಯಬಹುದು; ಆದರೆ ನಷ್ಟವಾದ ರಕ್ತವು ಅಷ್ಟು ಬೇಗ ತುಂಬುವುದಿಲ್ಲ. ಆಯಾಸ, ತಲೆಸುತ್ತು, ಏದುಸಿರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚುವುದು ಇವು ರಕ್ತಹೀನತೆಯ ಚಿಹ್ನೆಗಳು. ಬಾಣಂತನದ ಸಹಜ ನಿತ್ರಾಣವೆಂದು ಇವನ್ನು ಅಲಕ್ಷಿಸಬಾರದು.

ಹೆರಿಗೆಯ ಅನಂತರ 180 ದಿನಗಳವರೆಗೆ, 60 ಮಿಲಿಗ್ರಾಂ ಕಬ್ಬಿಣಾಂಶವೂ ಫೋಲಿಕ್ ಆಮ್ಲವೂ ಇರುವ ಮಾತ್ರೆಯನ್ನು ದಿನಕ್ಕೊಂದರಂತೆ ಸೇವಿಸತಕ್ಕದ್ದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ವೈದ್ಯರು ಮಾತ್ರೆಯ ಪ್ರಮಾಣವನ್ನು ಹೆಚ್ಚಿಸುವರು ಅಥವಾ ಕಬ್ಬಿಣಾಂಶವನ್ನು ರಕ್ತನಾಳದ ಮೂಲಕ ಕೊಡುವರು. ತೀರ ಕಡಿಮೆಯಾದಲ್ಲಿ ರಕ್ತವನ್ನೇ ಕೊಡಬೇಕಾದೀತು. ಮಾತ್ರೆಯಿಂದ ಮಲವು ಕಪ್ಪಾದರೆ ಅಂಜಬೇಕಾಗಿಲ್ಲ. ಮಾತ್ರೆಯೊಡನೆ ಚಹಾ ಕುಡಿಯಬಾರದು. ಸುಣ್ಣಾಂಶದ ಮಾತ್ರೆಯನ್ನು ಎರಡು ಗಂಟೆ ಅಂತರವಿಟ್ಟು ಸೇವಿಸಬೇಕು.

ಬಾಣಂತಿಗೆ ಮೀನು, ಬಳಚು, ಹರಿವೆಸೊಪ್ಪು, ರಾಗಿ ನಿಷಿದ್ಧವಲ್ಲ. ಊಟದೊಡನೆ ನಿಂಬೆರಸವಿದ್ದರೆ ಸೊಪ್ಪು, ಧಾನ್ಯಗಳ ಕಬ್ಬಿಣಾಂಶವು ದೇಹಕ್ಕೆ ಚೆನ್ನಾಗಿ ಹಿಡಿಯುತ್ತದೆ. ಕುಳಿತಲ್ಲಿಯೇ ಏದುಸಿರು ಬಂದರೆ ಅಥವಾ ರಕ್ತಸ್ರಾವ ಹೆಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ನೀರು ಹೊರುವುದೇ ಮೊದಲಾದ ಭಾರದ ಕೆಲಸಗಳನ್ನು ಪತಿಯು ತಾನೇ ವಹಿಸಿಕೊಳ್ಳಲಿ. ರಕ್ತ ತುಂಬುವ ಮೊದಲೇ ಮತ್ತೆ ಗರ್ಭ ನಿಂತರೆ ತಾಯಿಗೂ ಶಿಶುವಿಗೂ ಅಪಾಯ. ಆದುದರಿಂದ ಮುಂದಿನ ಗರ್ಭಧಾರಣೆಗೆ ಕನಿಷ್ಠ ಎರಡು ವರ್ಷಗಳ ಅಂತರವಿರಲೆಂದು ದಂಪತಿಗಳು ಕೂಡಿ ನಿಶ್ಚಯಿಸಿ, ತಕ್ಕ ವಿಧಾನವನ್ನು ಆರೋಗ್ಯ ಕಾರ್ಯಕರ್ತೆಯಲ್ಲಿ ಕೇಳಿ ತಿಳಿಯಬೇಕು.